ಸೀರೆ ಸಾಕು, ರಾಡಿ ತೆಗೀರಿ

2019ರ ಆಗಸ್ಟ್. ನಾನು ಬಾಗಲಕೋಟೆಯಲ್ಲಿ ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಎನ್‌ಎಸ್‌ಎಸ್‌ಗೆ (ರಾಷ್ಟ್ರೀಯ ಸೇವಾ ಯೋಜನೆಗೆ) ಹೆಸರು ಕೊಟ್ಟಿದ್ದು ಸರ್ಟಿಫಿಕೇಟಿನ ಆಸೆಗೆ, ಸುಳ್ಳು ಯಾಕೆ ಹೇಳಲಿ? ಎರಡು ವರ್ಷಕ್ಕೆ 240 ತಾಸು ಕೆಲಸ, ಜೊತೆಗೆ ಏಳು ದಿನದ ಶಿಬಿರ. ಅಲ್ಲಿವರೆಗೆ ನಮ್ಮ ತಾಸುಗಳು ಕಾಲೇಜಿನ ಅಂಗಳದ ಕಸ ಕೀಳುವುದರಲ್ಲೇ ಕಳೆದಿದ್ದವು.

ಅಷ್ಟರಲ್ಲಿ ಮಲಪ್ರಭೆ ಉಕ್ಕಿ ಬಂತು. ಪಟ್ಟದಕಲ್ಲಿನ ಗುಡಿಗಳೂ ನೀರಲ್ಲಿ ನಿಂತವು. ನಾವು ಏಳು ಜನ ಓಣಿ ಓಣಿ ತಿರುಗಿ ಹಳೆ ಬಟ್ಟೆ ಕೂಡಿಸಿ, ಟೆಂಪೊ ತುಂಬಿಕೊಂಡು ಬಾದಾಮಿ ತಾಲ್ಲೂಕಿನ ಒಂದು ಊರಿಗೆ ಹೋದೆವು. ಗಂಜಿ ಕೇಂದ್ರದ ಪಡಸಾಲೆಯಲ್ಲಿ ಆಗಲೇ ಬಟ್ಟೆಯ ಗುಡ್ಡ ಬಿದ್ದಿತ್ತು. ಒಬ್ಬ ಅಜ್ಜಿ ನಮ್ಮ ಗಂಟು ನೋಡಿ, "ತಮ್ಮಾ, ಸೀರಿ ಸಾಕಾಗ್ಯಾವ. ಮನ್ಯಾಗ ಮೊಣಕಾಲಮಟ ರಾಡಿ ಐತಿ, ಅದನ್ನ ಯಾರು ತೆಗೀತಾರ?" ಅಂದಳು.

ಮುಂದಿನ ಭಾನುವಾರ ಸಲಿಕೆ, ಬುಟ್ಟಿ, ಕಸಬರಿಗೆ, ಬ್ಲೀಚಿಂಗ್ ಪುಡಿ ತಗೊಂಡು ಹೋದೆವು. ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಎರೆಮಣ್ಣಿನ ರಾಡಿ ಹಸಿ ಇದ್ದಾಗಲೇ ತೆಗೆಯಬೇಕು, ಒಣಗಿತೆಂದರೆ ಕಲ್ಲು. ಒಂದು ಕೋಣೆಗೆ ಅರ್ಧ ದಿನ ಹಿಡಿಯಿತು. ನಾವು ಚಪ್ಪಲಿಯಲ್ಲೇ ಇಳಿದಿದ್ದೆವು. ಗೆಳೆಯನ ಅಂಗಾಲಿಗೆ ಗಾಜು ಹೊಕ್ಕಿತು, ಧನುರ್ವಾಯು ಆಗದಂತೆ ಟಿಟಿ ಇಂಜೆಕ್ಷನ್ ಚುಚ್ಚಿಸಿದೆವು. ಬೂಟಿಲ್ಲದೆ ಇಳಿಯಬೇಡಿ. ನೆನೆದ ಮಣ್ಣಿನ ಗೋಡೆ ಇದ್ದರೆ ಊರಿನ ಹಿರಿಯರೊಬ್ಬರು ನೋಡಿ ಹೂಂ ಅನ್ನುವವರೆಗೆ ಒಳಗೆ ಕಾಲಿಡಬೇಡಿ. ಮೇನ್ ಸ್ವಿಚ್ ಆಫ್ ಇದೆಯಾ ಅಂತಲೂ ಕೇಳಿ.

ನಮ್ಮಲ್ಲೊಬ್ಬನಿಗೆ ಸಲಿಕೆ ಎತ್ತಲಿಕ್ಕೇ ಆಗುತ್ತಿರಲಿಲ್ಲ. ಆದರೆ ಅಕ್ಷರ ಮುತ್ತು. ಆಗ ಸರ್ಕಾರ ತುರ್ತಿಗೆ ಮನೆಗೆ 10,000 ರೂಪಾಯಿ ಕೊಡುತ್ತಿತ್ತು. ಎಷ್ಟೋ ಜನರ ಆಧಾರ್, ಪಾಸ್‌ಬುಕ್ ನೀರುಪಾಲಾಗಿದ್ದವು. ಅವನು ಕಟ್ಟೆ ಮೇಲೆ ಕೂತು ದಿನವಿಡೀ ಅರ್ಜಿ ಬರೆದ. ನಾನೂ ಕೆಲವು ಬರೆದೆ. ಒಬ್ಬರನ್ನು ಊರವರು ಕರೆಯುವ ಹೆಸರಿನಿಂದ ಬರೆದುಬಿಟ್ಟೆ, ರೇಷನ್ ಕಾರ್ಡಿನಲ್ಲಿ ಬೇರೆಯೇ ಇತ್ತು. ಅರ್ಜಿ ವಾಪಸ್ ಬಂತು, ಪಾಪ ಅವರು ಮತ್ತೊಮ್ಮೆ ಅಲೆದರು. ಆಮೇಲೆ ಕಾಗದ ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನೋಡದೆ ನಾನು ಏನೂ ಬರೆದಿಲ್ಲ.

ಈಗ ನಮ್ಮ ಓಣಿಯ ಹುಡುಗರು, ಹುಡುಗಿಯರು ಬಂದು "ನಾವೂ ಏನಾದ್ರೂ ಮಾಡ್ತೀವಿ" ಅಂದರೆ ಎರಡೇ ಪ್ರಶ್ನೆ ಕೇಳುತ್ತೇನೆ. ಯಾವ ದಿನ ತಪ್ಪದೆ ಬರುತ್ತೀರಿ? ನಿಮಗೆ ಏನು ಬರುತ್ತದೆ? ದಿನಾ ಬರುತ್ತೇನೆ ಅನ್ನುವವರು ಜಾಸ್ತಿ ದಿನ ಇರುವುದಿಲ್ಲ. ತಿಂಗಳಿಗೆ ಎರಡು ಭಾನುವಾರ ಅನ್ನುವವರನ್ನು ನಂಬುತ್ತೇನೆ.

ಹೋದ ವರ್ಷ ಒಬ್ಬ, "ಅಣ್ಣಾ, ನನಗ ಬೈಕ್ ಹೊಡ್ಯಾಕ ಅಷ್ಟ ಬರತೈತಿ" ಅಂದ. ಈಗ ತಿಂಗಳಿಗೊಮ್ಮೆ ಓಣಿಯ ಇಬ್ಬರು ಅಜ್ಜಂದಿರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಬಿಪಿ ಗುಳಿಗೆ ತರಲು ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ನಿಧಾನಕ್ಕೆ ಹೊಡೀ ಅಂತ ಅವರಿಂದ ಆ ದಿನ ಹತ್ತು ಸಲ ಬೈಸಿಕೊಳ್ಳುತ್ತಾನೆ.