ಕುರಿಯ ಸ್ನಾಯುರಜ್ಜುವಿನಿಂದ ಕಾಂಡಕೋಶ ತೆಗೆಯುವ ಬಗೆ

ಸ್ನಾಯುರಜ್ಜು ಎಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ; ಕಾಂಡಕೋಶ ಎಂದರೆ ತನ್ನಂಥವನ್ನೂ ಬೇರೆ ಬಗೆಯವನ್ನೂ ಹುಟ್ಟಿಸಬಲ್ಲ ಕೋಶ. ಮಾಂಸಕ್ಕೆ ಕಡಿದ ಬನ್ನೂರು ಕುರಿಯ ಹಿಂಗಾಲನ್ನು ಕೂಡಲೇ ಐಸ್ ಡಬ್ಬಿಯಲ್ಲಿ ಮೈಸೂರಿನ ಲ್ಯಾಬಿಗೆ ತನ್ನಿ. ಮಾಂಸದಂಗಡಿಯಿಂದ ಬಂದದ್ದು, ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಸ್ನಾಯುರಜ್ಜುವನ್ನು ಬಿಡಿಸಿ, ಆ್ಯಂಟಿಬಯೋಟಿಕ್ ಹಾಕಿದ ಸಲೈನಿನಲ್ಲಿ ಮೂರು ಸಲ ತೊಳೆಯಿರಿ. ಅದರ ಹೊರಪೊರೆ ಪೂರ್ತಿ ಸುಲಿಯಿರಿ, ಉಳಿದರೆ ಬೇರೆ ಕೋಶಗಳು ಬೆರೆಯುತ್ತವೆ. ಒಳಗಿನದು ರೇಷ್ಮೆ ಎಳೆಯಂತೆ ಹೊಳೆಯಬೇಕು.

1 ಮಿ.ಮೀ. ಚೂರು ಮಾಡಿ, ಮಿಲಿಲೀಟರಿಗೆ 3 ಮಿ.ಗ್ರಾಂ ಕೊಲಾಜಿನೇಸ್ (ರಜ್ಜುವಿನ ಎಳೆ ಕರಗಿಸುವ ಕಿಣ್ವ) ದ್ರಾವಣದಲ್ಲಿ 37 ಡಿಗ್ರಿಯಲ್ಲಿ ಅಲುಗಾಡಿಸುತ್ತಿರಿ. ಗಂಟೆಯಾದ ಮೇಲೆ ಆಗಾಗ ನೋಡಿ: ಚೂರು ಲೋಳೆಯಾದರೆ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಕೋಶಗಳೇ ಸಾಯುತ್ತವೆ. 70 ಮೈಕ್ರಾನ್ ಜರಡಿಯಲ್ಲಿ ಸೋಸಿ, ಕಿಣ್ವ ತೊಳೆದು, ಕೋಶಗಳನ್ನು ತಟ್ಟೆಯಲ್ಲಿ ವಿರಳವಾಗಿ ಬಿತ್ತಿ. ದಟ್ಟವಾದರೆ ಒಂದೇ ಕೋಶದಿಂದ ಹುಟ್ಟಿದ ಗುಂಪು ಗುರುತಿಗೆ ಸಿಗದು; ಅಂಥ ಗುಂಪು ಕಟ್ಟುವುದೇ ಕಾಂಡಕೋಶದ ಒಂದು ಲಕ್ಷಣ.

ಮುಂದೆ ಆಸರೆಯ (ಕೋಶಗಳು ಅಂಟಿ ಬೆಳೆಯುವ ಎಳೆಗಳ ಚೌಕಟ್ಟು) ಮೇಲೆ ಬೆಳೆಸುವಾಗ ಅದರ ಎಳೆಗಳು ಒಂದೇ ದಿಕ್ಕಿಗಿರಲಿ. ಕೋಶಗಳು ಎಳೆಯ ಜಾಡಲ್ಲೇ ಮಲಗುತ್ತವೆ. ಈ ಕೋಶಗಳು ಲ್ಯಾಬಿನ ಕಲಿಕೆಗೆ ಮಾತ್ರ, ಮನುಷ್ಯರಿಗೆ ಚುಚ್ಚುವಂತಿಲ್ಲ.