ಪಾವ್ಲೋವಾ ಹಂಸದ ನಿಜವಾದ ವೇಗ ನನಗೆ ಸಿಕ್ಕಿದ್ದು

ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಮೇಲೆ ಅರ್ಧ ಗಂಟೆಯ ಸಾಕ್ಷ್ಯಚಿತ್ರ ಮಾಡ್ತೀನಿ ಅಂದಾಗ ಗಾಂಧಿನಗರದ ಎಡಿಟರ್ ಗೆಳೆಯರು ವಿಷಯ ಕೇಳಿ ನಗಲಿಲ್ಲ, ನನ್ನ ಹಠ ನೋಡಿ ನಕ್ಕರು. ಆಕೆಯ ಹಳೆಯ ಫುಟೇಜ್ ಎಲ್ಲಿ ನೋಡಿದರೂ ಕೀಲುಗೊಂಬೆ ಕುಣಿದ ಹಾಗೆ ಓಡುತ್ತದೆ, ಕಡಿಮೆ ವೇಗದಲ್ಲಿ ತೆಗೆದದ್ದನ್ನು ಈಗಿನ ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮಿನಲ್ಲಿ ಓಡಿಸುವುದರಿಂದ. ಅದರ ಸರಿಯಾದ ವೇಗ ಹಿಡಿಯದೆ ಚಿತ್ರ ಮಾಡಲ್ಲ ಅಂತ ನಾನು. "ಇಪ್ಪತ್ನಾಲ್ಕಕ್ಕೆ ಹಾಕಿ ಮೇಲೆ ಮ್ಯೂಸಿಕ್ ಬಿಡಿ ಗುರುವೇ, ಫ್ರೇಮ್ ಯಾರು ಎಣಿಸ್ತಾರೆ?" ಅಂತ ಅವರು. ಈಗ ಅದೇ ಗುರುಗಳು ಫೋನ್ ಮಾಡಿ ಲೆಕ್ಕ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಬರೆದೇಬಿಡುತ್ತೇನೆ.

ನನ್ನ ಬಂಡವಾಳ ಇಷ್ಟೇ. 1924ರಲ್ಲಿ ಹಾಲಿವುಡ್‌ನ ಡಗ್ಲಸ್ ಫೇರ್‌ಬ್ಯಾಂಕ್ಸ್ ಸ್ಟುಡಿಯೋದಲ್ಲಿ ತೆಗೆದ ನೃತ್ಯದ ತುಣುಕುಗಳು. 1916ರಲ್ಲಿ ಲೋಯಿಸ್ ವೆಬರ್ ನಿರ್ದೇಶಿಸಿದ, ಪಾವ್ಲೋವಾ ಮೂಕ ಹುಡುಗಿಯಾಗಿ ನಟಿಸಿದ ಕಥಾಚಿತ್ರ. ಲಂಡನ್‌ನ ಐವಿ ಹೌಸ್ ಎಂಬ ತನ್ನ ಮನೆಯ ತೋಟದಲ್ಲಿ ಸಾಕಿದ ಹಂಸದ ಜೊತೆ ಆಕೆ ಇರುವ ಕೆಲವು ದೃಶ್ಯಗಳು. ಮಿಕ್ಕಿದ್ದೆಲ್ಲ ಸ್ಟಿಲ್ ಫೋಟೋ.

ದುಡ್ಡಿನ ಮಾತು ಮೊದಲೇ ಮುಗಿಸೋಣ. ಹೊರದೇಶದ ಒಂದು ಸಂಗ್ರಹದವರು ಒಳ್ಳೆಯ ಸ್ಕ್ಯಾನ್‌ಗೆ ಸೆಕೆಂಡ್ ಲೆಕ್ಕದಲ್ಲಿ ರೇಟ್ ಕಳಿಸಿದರು. ಆಕೆಯ ಪ್ರಸಿದ್ಧ 'ಸಾಯುವ ಹಂಸ' ನೃತ್ಯ ಒಂದಕ್ಕೇ ನನ್ನ ಇಡೀ ಬಜೆಟ್ ಹೋಗುತ್ತಿತ್ತು. ಕಡಿಮೆ ರೇಟಿಗೆ ಸಿಕ್ಕ ಕಾಪಿ ಹಿಂದೆ ಟಿವಿಗೆಂದು ವರ್ಗಾಯಿಸಿದ್ದು: ಎರಡು ಫ್ರೇಮ್ ಬೆರೆತ ದೆವ್ವದಂಥ ಫ್ರೇಮ್‌ಗಳು, ಎರಡೆರಡು ಸಲ ಬರುವ ಫ್ರೇಮ್‌ಗಳು. ಅವನ್ನೆಲ್ಲ ಕಿತ್ತು ಮೂಲ ಫ್ರೇಮ್ ಬೇರ್ಪಡಿಸುವುದಕ್ಕೇ ಒಂದು ಮಳೆಗಾಲ ಹಿಡಿಯಿತು. ಇದನ್ನು ಮಾಡದೆ ವೇಗದ ಲೆಕ್ಕಕ್ಕೆ ಕೈಹಾಕಿದರೆ ಮುಂದಿನದೆಲ್ಲ ಸುಳ್ಳು. ಎಲ್ಲ ಸೇರಿ ನಾಲ್ಕು ಲಕ್ಷದ ಆಸುಪಾಸು ಖರ್ಚು, ಅದರಲ್ಲಿ ಒಂದು ಲಕ್ಷ ಇನ್ನೂ ಭಾವಮೈದುನನ ಸಾಲ.

ಮೊದಲು ಎಲ್ಲರ ಹಾಗೆ ಇಡೀ ಕ್ಲಿಪ್ಪನ್ನು ಮುಕ್ಕಾಲು ವೇಗಕ್ಕೆ ಇಳಿಸಿದೆ. ಒಂದು ಕಡೆ ಸರಿ ಕಂಡದ್ದು ಇಪ್ಪತ್ತು ಸೆಕೆಂಡ್ ಮುಂದೆ ಎಳೆದಾಡುತ್ತಿತ್ತು. ಆಮೇಲೆ ಎಐ. ನಡುವಿನ ಫ್ರೇಮ್ ತಾನೇ ಬರೆದುಕೊಡುತ್ತದೆ ಅಂತ ಬಾಡಿಗೆ ಮಷೀನ್‌ಗೆ ಹದಿನೈದು ಸಾವಿರ ಸುರಿದೆ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು, ಸ್ಕರ್ಟಿನ ಗರಿಗಳು ಹೊಗೆಯಾದವು. ಪಾವ್ಲೋವಾ ಕಲೆ ಇರುವುದೇ ಆ ಮಣಿಕಟ್ಟು, ಬೆರಳುಗಳಲ್ಲಿ. ಅದನ್ನೇ ಕರಗಿಸಿದ ಮೇಲೆ ಉಳಿಯುವುದೇನು? ಬಣ್ಣ ಹಚ್ಚಿಯೂ ನೋಡಿದೆ. ಮದುವೆ ಆಲ್ಬಮ್ ಆಯಿತು, ಅಳಿಸಿದೆ.

ಮೂರನೆಯದು ಸಂಗೀತ. ಫ್ರೆಂಚ್ ಸಂಗೀತಕಾರ ಸೇನ್-ಸಾನ್ಸ್ 1886ರಲ್ಲಿ ಚೆಲ್ಲೋಗೆ, ಅಂದರೆ ದೊಡ್ಡ ಪಿಟೀಲಿನಂಥ ವಾದ್ಯಕ್ಕೆ, ಬರೆದ 'ಹಂಸ'ದ ಸ್ವರಕ್ಕೆ ನೃತ್ಯ ಸಂಯೋಜಕ ಫೋಕಿನ್ ಈ ನೃತ್ಯ ಕಟ್ಟಿದ. ಹಾಗಾದರೆ ಸಂಗೀತಕ್ಕೆ ಹೊಂದಿಸಿದರೆ ವೇಗ ತಾನೇ ಸಿಗಬೇಕಲ್ಲ? ಸಿಗುವುದಿಲ್ಲ. ಚೆಲ್ಲೋ ನುಡಿಸುವವರು ಒಬ್ಬೊಬ್ಬರು ಒಂದೊಂದು ಲಯದಲ್ಲಿ ಎಳೆಯುತ್ತಾರೆ. ನಮಗೆ ಬೇಕಾದಲ್ಲಿ ಹೊಂದಿಕೊಳ್ಳುವ ಅಳತೆಗೋಲು ಅಳತೆಗೋಲೇ ಅಲ್ಲ.

ಕೊನೆಗೆ ಗುರುತ್ವಾಕರ್ಷಣೆಗೆ ಶರಣಾದೆ. ಒಂದಡಿ ಎತ್ತರ ಜಿಗಿದವರು ಯಾರೇ ಆಗಲಿ, ಸುಮಾರು ಅರ್ಧ ಸೆಕೆಂಡ್ ಗಾಳಿಯಲ್ಲಿರುತ್ತಾರೆ. ಪೀಟರ್ಸ್‌ಬರ್ಗ್ ಆದರೂ ಅಷ್ಟೇ, ಪೀಣ್ಯ ಆದರೂ ಅಷ್ಟೇ. ಆ ಜಿಗಿತ ಒಂಬತ್ತು ಫ್ರೇಮಿನಲ್ಲಿ ಮುಗಿದಿದ್ದರೆ ಕ್ಯಾಮೆರಾ ಓಡಿದ್ದು ಹದಿನೆಂಟರಲ್ಲಿ. ನಂಬಿಕೆ ಬರಲೆಂದು ಮಲ್ಲೇಶ್ವರದ ಒಬ್ಬ ಹುಡುಗಿಯನ್ನು ಟೆರೇಸಿನ ಮೇಲೆ ಜಿಗಿಸಿ ಫೋನಿನಲ್ಲಿ ಹಿಡಿದೆ. ಫೋನಿನ ವೇಗ ಗೊತ್ತಿಲ್ಲದವನ ಹಾಗೆ ಲೆಕ್ಕ ಹಾಕಿದರೆ ಇಪ್ಪತ್ನಾಲ್ಕಕ್ಕೆ ಇಪ್ಪತ್ಮೂರೂವರೆ ಬಂತು. ಎತ್ತರವನ್ನು ಪಾದದಿಂದ ಅಳೆಯಬೇಡಿ, ಮಂಡಿ ಮಡಚಿದರೆ ಕೆಟ್ಟಿತು, ಸೊಂಟ ಹಿಡಿಯಿರಿ. ಪಾವ್ಲೋವಾ ಐದಡಿಯ ಆಸುಪಾಸಿನ ಸಣ್ಣ ಮೈಕಟ್ಟಿನವರು, ಅಳತೆಗೆ ಅದೇ ಆಧಾರ. ಒಂದು ಫ್ರೇಮ್ ತಪ್ಪಿದರೆ ಲೆಕ್ಕ ನೂರಕ್ಕೆ ಹತ್ತು ಆಚೀಚೆ ಆಗುತ್ತದೆ. ಆದ್ದರಿಂದ ಒಂದೇ ಜಿಗಿತ ನಂಬಿ ಕೂರಬೇಡಿ.

ಒಂದು ತೊಡಕು: ಸಾಯುವ ಹಂಸದಲ್ಲಿ ಜಿಗಿತವೇ ಇಲ್ಲ! ಬಹುಪಾಲು ಬುರೇ, ಅಂದರೆ ಕಾಲ್ಬೆರಳ ತುದಿಯ ಪುಟ್ಟ ಹೆಜ್ಜೆಗಳು. ಗೆಳೆಯರು ಎರಡನೇ ಸಲ ನಕ್ಕಿದ್ದು ಇಲ್ಲೇ. ಜಿಗಿತ ಇರುವ ಬೇರೆ ನೃತ್ಯಗಳಿಂದ ಒಂದು ಅಂದಾಜು ಸಿಕ್ಕಿತು, ನನ್ನ ಪ್ರತಿಯಲ್ಲಿ ಹದಿನೇಳರಿಂದ ಇಪ್ಪತ್ತರ ನಡುವೆ. ಒಂದೇ ಅಂಕಿ ಅಲ್ಲ ಏಕೆಂದರೆ ಆ ಕಾಲದಲ್ಲಿ ಹಿಡಿಕೆಯನ್ನು ಹೆಚ್ಚಾಗಿ ಕೈಯಿಂದಲೇ ತಿರುಗಿಸುತ್ತಿದ್ದರು, ಕೈ ಸೋತರೆ ವೇಗವೂ ಸೋಲುತ್ತದೆ. ಆದರೆ ಕೈ ನಿಧಾನವಾದಾಗ ಪ್ರತಿ ಫ್ರೇಮಿಗೆ ಬೆಳಕು ಹೆಚ್ಚು ಬೀಳುತ್ತದೆ. ಹಿಂದಿನ ಪರದೆಯ ಒಂದು ಮೂಲೆ, ನರ್ತಕಿ ಸುಳಿಯದ ಜಾಗ ಆರಿಸಿ, ಅದರ ಬೆಳಕನ್ನು ಫ್ರೇಮ್ ಫ್ರೇಮಾಗಿ ಅಳೆದೆ. ಮಿಣುಕು ಪ್ರಿಂಟಿಂಗಿನದು, ಅದನ್ನು ಬಿಟ್ಟು ನಿಧಾನದ ಏರಿಳಿತ ಮಾತ್ರ ಹಿಡಿದರೆ ಕ್ಯಾಮೆರಾಮನ್ನಿನ ಕೈ ಎಲ್ಲಿ ಸೋತಿತು ಅಂತ ಕಾಣುತ್ತದೆ. ಜಿಗಿತದಿಂದ ಸರಾಸರಿ ವೇಗ, ಬೆಳಕಿನಿಂದ ಅದರ ಏರಿಳಿತ. ಹಂಸದ ಒಳಗೇ ಇನ್ನೊಂದು ಗಡಿಯಾರ ಇದೆ, ಎರಡನ್ನೂ ತಾಳೆ ನೋಡಿದ್ದು ಅದರಿಂದ. ಅದು ಯಾವುದು ಅಂತ ಇಲ್ಲಿ ಹೇಳಲ್ಲ, ಭಾವಮೈದುನನ ಸಾಲ ತೀರಲಿ.

ಸ್ಟಿಲ್ ಫೋಟೋಗಳದ್ದು ಬೇರೆಯೇ ಕಥೆ. ಪಾವ್ಲೋವಾ ಪಾದದ ಕಮಾನು ತುಂಬಾ ಎತ್ತರ, ತುದಿಯ ಮೇಲೆ ನಿಲ್ಲಲು ಗಟ್ಟಿ ಮಾಡಿದ ಶೂ ಬೇಕಿತ್ತು. ಫೋಟೋದಲ್ಲಿ ಆ ಶೂ ತುದಿಯನ್ನು ಚೂಪಾಗಿ ತಿದ್ದಿಸುತ್ತಿದ್ದರು. ಶೂ ನೋಡಬೇಕಾದರೆ ಫೋಟೋ ನಂಬಬೇಡಿ, ಚಲಿಸುವ ಫ್ರೇಮ್ ನಂಬಿ. ಇದನ್ನು ತೋರಿಸಲೆಂದೇ ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೂವರೆ ನಿಮಿಷ ಕೊಟ್ಟಿದ್ದೇನೆ. ನಮ್ಮ ಜನ ಮಾತ್ರ 1923ರ ಲಂಡನ್ ಭಾಗಕ್ಕೇ ಚಪ್ಪಾಳೆ ಹೊಡೆಯುತ್ತಾರೆ: ಕೋವೆಂಟ್ ಗಾರ್ಡನ್‌ನಲ್ಲಿ ಆಕೆ ರಾಧೆ, ಚಿತ್ರಕಲೆ ಓದಲು ಹೋಗಿದ್ದ ಉದಯ ಶಂಕರ್ ಕೃಷ್ಣ. ಭರತನಾಟ್ಯದ ರುಕ್ಮಿಣಿ ದೇವಿಯವರನ್ನು ನೃತ್ಯಕ್ಕೆ ಎಳೆದದ್ದೂ ಪಾವ್ಲೋವಾ ಸ್ನೇಹವೇ. ಪಾವ್ಲೋವಾ 1931ರ ಜನವರಿಯಲ್ಲಿ ಹೇಗ್ ನಗರದಲ್ಲಿ ತೀರಿಕೊಳ್ಳುವ ಮುಂಚೆ ಹಂಸದ ಉಡುಪು ಕೇಳಿದರು ಎಂಬ ಪ್ರಸಿದ್ಧ ಕಥೆಯನ್ನು ಮಾತ್ರ ಬಿಟ್ಟೆ. ಎಲ್ಲರೂ ಅದರಿಂದಲೇ ಅಳಿಸುತ್ತಾರೆ, ನನಗೆ ಸುಲಭದ ಕಣ್ಣೀರು ಬೇಡವಾಗಿತ್ತು.

ಸರಿಪಡಿಸಿದ ಹಂಸವನ್ನು ಮೊದಲು ತೋರಿಸಿದ್ದು ಬೆಂಗಳೂರಿನ ಒಬ್ಬ ಬ್ಯಾಲೆ ಟೀಚರ್‌ಗೆ. ಪಾವ್ಲೋವಾ ಕಾಲುಗಳು ಗಡಿಬಿಡಿ ಅಂತ ವರ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟವರು ಅವರು. ಎರಡು ಸಲ ನೋಡಿದರು, ಮೂರನೇ ಸಲ ಮೇಜಿನ ಮೇಲೆ ಬೆರಳಲ್ಲಿ ಹೆಜ್ಜೆ ಎಣಿಸಿದರು, ಕ್ಲಾಸಿಗೆ ಒಂದು ಪ್ರತಿ ಕೇಳಿದರು. ದುಡ್ಡು ತಗೊಂಡೇ ಕೊಟ್ಟೆ.

ಮುಂದಿನದು ನಮ್ಮ ಬೆಂಗಳೂರಿನವರೇ ಆದ ನರ್ತಕ ರಾಮ್ ಗೋಪಾಲ್, 1960ರಲ್ಲಿ ಬ್ರಿಟಿಷ್ ಬ್ಯಾಲೆ ನರ್ತಕಿ ಅಲಿಸಿಯಾ ಮಾರ್ಕೋವಾ ಜೊತೆ ರಾಧಾ-ಕೃಷ್ಣ ಕುಣಿದವರು. ಅವರ ಹಳೆಯ ರೀಲು ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ತಿಳಿಸಿ. ಟಿವಿ ಪ್ರತಿ ಬೇಡ, ರೀಲೇ ಬೇಕು. ಹಕ್ಕಿನ ಹಣ ಎಷ್ಟು ಅನ್ನುವುದನ್ನು ಕಾಫಿ ಕುಡಿಯುವ ಮುಂಚೆಯೇ ಮಾತಾಡಿಬಿಡೋಣ.