ಕೋಡ್ ಸರಿಯಿತ್ತು, ಲಿಂಕ್ ಬೇರೆಯದಿತ್ತು

ಕಾಂಕ್ರೀಟ್ ಬಿರುಕು ಬಿಡುವ ಬಗೆಯನ್ನು ಅಬಾಕಸ್ (Abaqus) ಎಂಬ ಸಿಮ್ಯುಲೇಶನ್ ಸಾಫ್ಟ್‌ವೇರಿನಲ್ಲಿ ನೋಡಲು ಫೋರ್ಟ್ರಾನ್ ಭಾಷೆಯಲ್ಲಿ ಒಂದು ಯುಮ್ಯಾಟ್ ಬರೆದಿದ್ದೆ. ವಸ್ತು ಇಷ್ಟು ಹಿಗ್ಗಿ-ಕುಗ್ಗಿದರೆ (ಸ್ಟ್ರೇನ್) ಅದರೊಳಗೆ ಎಷ್ಟು ಒತ್ತಡ (ಸ್ಟ್ರೆಸ್) ಎಂದು ಸಾಫ್ಟ್‌ವೇರಿಗೆ ಹೇಳುವ ಸಬ್‌ರುಟೀನ್ ಅದು. ಲಿನಕ್ಸ್‌ನಲ್ಲಿ ಚೆನ್ನಾಗಿ ಓಡುತ್ತಿತ್ತು. ವಿಂಡೋಸ್ ಲ್ಯಾಪ್‌ಟಾಪಿಗೆ ತಂದೆ, ನಿಂತುಹೋಯಿತು.

ಮೊದಲ ದೂರು, ಇಂಟೆಲ್‌ನ ಫೋರ್ಟ್ರಾನ್ ಕಂಪೈಲರ್ ಐಫೋರ್ಟ್ ಸಿಗುತ್ತಿಲ್ಲ ಎಂದು. ಅದಿರುವ ಫೋಲ್ಡರನ್ನು ಕೈಯಾರೆ ಪಾತ್‌ಗೆ, ಅಂದರೆ ವಿಂಡೋಸ್ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಗೆ, ಸೇರಿಸಿದೆ. ಕಂಪೈಲ್ ಆಯಿತು, ಆ ತುಣುಕನ್ನು ಲೈಬ್ರರಿಗಳೊಂದಿಗೆ ಜೋಡಿಸುವ ಲಿಂಕಿಂಗ್‌ನಲ್ಲಿ ಬಿದ್ದಿತು. ಸಬ್‌ರುಟೀನ್ ಪಡೆಯುವ-ಕೊಡುವ ಮೌಲ್ಯಗಳು, ಅಂದರೆ ಆರ್ಗ್ಯುಮೆಂಟ್‌ಗಳು, ಹೊಂದದಿರುವುದು ಕಾರಣವಿರಬಹುದು ಎಂಬ ಸಂದೇಶ ಬಂತು. ‘ಇರಬಹುದು’ ಎಂದಷ್ಟೇ ಇತ್ತು. ನಾನು ‘ಹೌದು’ ಎಂದೇ ಓದಿಕೊಂಡೆ. ಯುಮ್ಯಾಟ್‌ಗೆ 37 ಆರ್ಗ್ಯುಮೆಂಟ್‌ಗಳು. ಮ್ಯಾನ್ಯುಯಲ್ ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೂ ತಾಳೆ ನೋಡಿದೆ. ಎರಡು ದಿನ ಹೋಯಿತು, ಒಂದೂ ತಪ್ಪಿರಲಿಲ್ಲ.

ಮೂರನೆಯ ದಿನ ಆ ಸಂದೇಶ ಬಂದಿದ್ದ ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿಯಲ್ಲಿ ಸ್ವಲ್ಪ ಮೇಲೆ ಹೋಗಿ ನೋಡಿದರೆ, ‘ಯುಎಸ್‌ಆರ್ ಬಿನ್ ಲಿಂಕ್: ಎಕ್ಸ್‌ಟ್ರಾ ಆಪರಂಡ್’ ಎಂಬ ಸಾಲು. ಯುಎಸ್‌ಆರ್ ಬಿನ್ ಲಿನಕ್ಸ್ ಕಡೆಯ ಫೋಲ್ಡರಿನ ಹೆಸರು. ವಿಂಡೋಸಿನಲ್ಲಿ ಅದಕ್ಕೇನು ಕೆಲಸ? ‘ವೇರ್ ಲಿಂಕ್’ ಎಂದು ಟೈಪ್ ಮಾಡಿದೆ. ಮೊದಲು ಬಂದದ್ದು ಕೋಡಿನ ಆವೃತ್ತಿಗಳನ್ನು ಕಾಪಾಡುವ ಗಿಟ್ ಎಂಬ ಟೂಲ್‌ನ ಫೋಲ್ಡರ್. ಗಿಟ್ ಹಾಕುವಾಗ ಯೂನಿಕ್ಸ್ ಟೂಲ್‌ಗಳೂ ಕಮಾಂಡ್ ಪ್ರಾಂಪ್ಟಿನಲ್ಲಿ ಸಿಗಲಿ ಎಂದು ಟಿಕ್ ಮಾಡಿದ್ದೆ. ಅಲ್ಲಿನ ಲಿಂಕ್ ಫೈಲೊಂದಕ್ಕೆ ಇನ್ನೊಂದು ಹೆಸರು ಕೊಡುತ್ತದೆ, ಅಷ್ಟೆ. ನನಗೆ ಬೇಕಿದ್ದದ್ದು ವಿಷುಯಲ್ ಸ್ಟುಡಿಯೋದ ಲಿಂಕರ್. ಎರಡಕ್ಕೂ ಒಂದೇ ಹೆಸರು, ಪಾತ್‌ನಲ್ಲಿ ಮೊದಲು ಸಿಕ್ಕಿದ್ದೇ ಓಡುತ್ತದೆ.

ಪಾತ್‌ನಿಂದ ಗಿಟ್‌ನದನ್ನು ತೆಗೆದು ವಿಷುಯಲ್ ಸ್ಟುಡಿಯೋದ್ದನ್ನು ಸೇರಿಸಿದೆ. ಈಗ ಎಲ್‌ಎನ್‌ಕೆ 1104 ಎಂಬ ದೋಷ, ಲೈಬ್ರರಿ ಫೈಲ್ ತೆರೆಯಲಾಗುತ್ತಿಲ್ಲ ಎಂದು. ಆಗ ಅರ್ಥವಾಯಿತು: ಲಿಂಕರ್ ಸಿಕ್ಕರೆ ಸಾಲದು, ಲೈಬ್ರರಿಗಳು ಎಲ್ಲಿವೆ ಎಂದು ಹೇಳುವ ಲಿಬ್ ವೇರಿಯಬಲ್ಲೂ ತುಂಬಿರಬೇಕು. ಇದೆಲ್ಲವನ್ನೂ ಒಟ್ಟಿಗೆ ಹೊಂದಿಸಿಕೊಡಲೆಂದೇ ಐಫೋರ್ಟ್ ಬಂದಿದ್ದ ಇಂಟೆಲ್‌ನ ಒನ್‌ಎಪಿಐ ಕಂತೆಯ ಜೊತೆ ಸೆಟ್‌ವಾರ್ಸ್ ಎಂಬ ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಸಾಲಾಗಿ ಓಡಿಸುವ ಫೈಲ್) ಬರುತ್ತದೆ.

ಕೈಯಾರೆ ಸೇರಿಸಿದ್ದನ್ನೆಲ್ಲ ಅಳಿಸಿದೆ. ವಿಷುಯಲ್ ಸ್ಟುಡಿಯೋವನ್ನು ಸಿ++ ಡೆಸ್ಕ್‌ಟಾಪ್ ಭಾಗದೊಂದಿಗೆ ಮೊದಲು ಹೊಸದಾಗಿ ಹಾಕಿ, ಆಮೇಲೆ ಒನ್‌ಎಪಿಐ ಹಾಕಿದೆ. ಎರಡು ಸಾಲಿನ ಬ್ಯಾಚ್ ಫೈಲ್ ಬರೆದೆ: ಮೊದಲು ಸೆಟ್‌ವಾರ್ಸ್, ನಂತರ ಅಬಾಕಸ್. ಎರಡರ ಮುಂದೆಯೂ ‘ಕಾಲ್’ ಹಾಕಿ. ಮೊದಲನೆಯದರಲ್ಲಿ ಅದು ಬಿಟ್ಟುಹೋದರೆ ಎರಡನೆಯ ಸಾಲು ಓಡುವುದೇ ಇಲ್ಲ. ನನ್ನ ಕೋಡ್ ಮುಟ್ಟುವ ಮೊದಲು ಅಬಾಕಸ್‌ನದೇ ವೆರಿಫೈ ಪರೀಕ್ಷೆಯನ್ನು ಯೂಸರ್ ಸಬ್‌ರುಟೀನ್ ಆಯ್ಕೆಯೊಂದಿಗೆ ಓಡಿಸಿದೆ. ಪಾಸ್. ಲಿನಕ್ಸ್‌ನಲ್ಲಿ ಡಾಟ್ ಎಫ್ ಎಂದಿದ್ದ ಫೈಲಿನ ಕೊನೆಯನ್ನು ಡಾಟ್ ಫಾರ್ ಮಾಡಿ ಓಡಿಸಿದಾಗ, ಹಳೆಯ ಗ್ರಾಫಿನ ಮೇಲೆಯೇ ಹೊಸ ಗ್ರಾಫ್ ಬಂದು ಕೂತಿತು. ಆ ಸಂಜೆಯ ಸಂತೋಷ ಇನ್ನೂ ನೆನಪಿದೆ.

ಈಚೆಗೆ ಜೂನಿಯರ್ ಒಬ್ಬಳು ಇದೇ ಫೈಲ್ ಒಯ್ದಳು, ಐಫೋರ್ಟ್ ಸಿಗುತ್ತಿಲ್ಲ ಎಂದು ಮರಳಿ ಬಂದಳು. ಅವಳು ಹಾಕಿದ್ದು ಒನ್‌ಎಪಿಐ 2025.0, ಅದರಲ್ಲಿ ಐಫೋರ್ಟ್ ಇಲ್ಲ, ಇಂಟೆಲ್‌ನ ಹೊಸ ಕಂಪೈಲರ್ ಐಎಫ್‌ಎಕ್ಸ್ ಮಾತ್ರ. ಅಬಾಕಸ್‌ನ ಸೈಟ್ ಫೋಲ್ಡರಿನ ಎನ್ವಿರಾನ್‌ಮೆಂಟ್ ಫೈಲಿನಲ್ಲಿ ಕಂಪೈಲರಿನ ಹೆಸರು ಬದಲಿಸುವುದು ಒಂದು ದಾರಿ. ಅವಳ ಪ್ರಬಂಧದ ಅರ್ಧ ಫಲಿತಾಂಶಗಳು ಆಗಲೇ ಐಫೋರ್ಟ್‌ನಲ್ಲಿ ಬಂದಿದ್ದವು. ಉಳಿದರ್ಧವೂ ಅದೇ ಕಂಪೈಲರಿನಲ್ಲಿ ಬರಲಿ ಎಂದು ಐಫೋರ್ಟ್ ಇರುವ ಹಳೆಯ ಆವೃತ್ತಿಯನ್ನೇ ಹಾಕಿಕೊಟ್ಟೆ.